ಬಸುರಿನ ತುರಿಕೆ: ಹೊಟ್ಟೆಯದ್ದೋ, ಅಂಗೈ-ಅಂಗಾಲಿನದ್ದೋ?

ಬಸುರಿನಲ್ಲಿ ಹೊಟ್ಟೆ, ಎದೆಯ ಚರ್ಮ ಹಿಗ್ಗಿ ಒಣಗುವುದರಿಂದ ತುರಿಕೆ ಸಾಮಾನ್ಯ. ಅದಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಸ್ನಾನ ಸಾಕು. ಹಬೆಯಾಡುವ ಬಿಸಿನೀರು ಹಿತವೆನಿಸಿದರೂ ಚರ್ಮದ ಜಿಡ್ಡು ತೆಗೆದು ತುರಿಕೆ ಹೆಚ್ಚಿಸುತ್ತದೆ. ಸೀಗೆಪುಡಿ, ಕಡಲೆಹಿಟ್ಟು ಉಜ್ಜುವುದೂ ಅಷ್ಟೇ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವಾಸನೆಯಿಲ್ಲದ ಕ್ರೀಮನ್ನೋ ಹಚ್ಚಿ. ಆಗ ತೇವ ಚರ್ಮದಲ್ಲೇ ಉಳಿಯುತ್ತದೆ. ಕ್ಯಾಲಮೈನ್ ಲೋಷನ್ ಹಚ್ಚಬಹುದು, ಸಡಿಲ ಹತ್ತಿ ಬಟ್ಟೆ ಒಳ್ಳೆಯದು. ಅಲರ್ಜಿ ಮಾತ್ರೆಯನ್ನು ಮಾತ್ರ ಮೆಡಿಕಲ್ ಶಾಪಿನವರ ಮಾತಿನ ಮೇಲೆ ನುಂಗಬೇಡಿ.

ಗುಳ್ಳೆ, ದದ್ದು ಏನೂ ಇಲ್ಲದೆ ಅಂಗೈ, ಅಂಗಾಲು ತುರಿಸುತ್ತಾ, ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ಕಥೆ ಬೇರೆ. ಇದು ಹೆಚ್ಚಾಗಿ 28 ವಾರದ ನಂತರ ಶುರುವಾಗುವ ಕೊಲೆಸ್ಟಾಸಿಸ್ ಇರಬಹುದು: ಪಿತ್ತಜನಕಾಂಗದಿಂದ ಪಿತ್ತ ಸರಾಗವಾಗಿ ಹರಿಯದೆ, ಪಿತ್ತಾಮ್ಲ ರಕ್ತದಲ್ಲಿ ಸೇರಿಕೊಳ್ಳುತ್ತದೆ. "ಬಾಣಂತನದಲ್ಲಿ ತಾನೇ ಹೋಗುತ್ತೆ" ಎನ್ನುವುದು ನಿಜವೇ, ಆದರೆ ಅಲ್ಲಿಯವರೆಗೆ ಕಾಯುವಂತಿಲ್ಲ. ಪಿತ್ತಾಮ್ಲ ಲೀಟರಿಗೆ 100 ಮೈಕ್ರೋಮೋಲ್ ದಾಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುತ್ತದೆ. ಆಗ ವೈದ್ಯರು ಹೆರಿಗೆಯನ್ನು ಬೇಗ ಮಾಡಿಸಬಹುದು.

ಅಂಥ ತುರಿಕೆಯಿದ್ದರೆ ಅಂದೇ ಅಥವಾ ಮರುದಿನವೇ ವೈದ್ಯರಿಗೆ ತಿಳಿಸಿ, ಲಿವರ್ ಫಂಕ್ಷನ್ ಟೆಸ್ಟ್ ಜೊತೆಗೆ ಸೀರಮ್ ಬೈಲ್ ಆಸಿಡ್ (ರಕ್ತದಲ್ಲಿನ ಪಿತ್ತಾಮ್ಲ) ಪರೀಕ್ಷೆಯನ್ನೂ ಹೆಸರು ಹೇಳಿ ಕೇಳಿ. ಎರಡನೆಯದು ಸಾಮಾನ್ಯವಾಗಿ ಮಾಮೂಲಿ ಪರೀಕ್ಷೆಗಳ ಪಟ್ಟಿಯಲ್ಲಿ ಇರುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂದರೂ ತುರಿಕೆ ನಿಲ್ಲದಿದ್ದರೆ ಒಂದೆರಡು ವಾರದಲ್ಲಿ ಮತ್ತೆ ಮಾಡಿಸಬೇಕು, ಏಕೆಂದರೆ ಕೆಲವರಲ್ಲಿ ತುರಿಕೆ ಮೊದಲು, ರಿಪೋರ್ಟಿನ ಅಂಕಿ ಏರುವುದು ಆಮೇಲೆ. ಮೂತ್ರ ಕಡುಬಣ್ಣವಾದರೆ, ಕಣ್ಣು ಹಳದಿಯಾದರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ನೇರ ಆಸ್ಪತ್ರೆಗೆ ಹೋಗಿ.