ತಂತಿಯಲ್ಲಿ ಹೊಲಿಯಿರಿ, ಎಪಾಕ್ಸಿಯಲ್ಲಿ ಅಂಟಿಸಿ: ಪ್ಲೈವುಡ್ ದೋಣಿ ಕಟ್ಟುವುದು ಹೀಗೆ

ದೋಣಿಯ ಕಿಟ್ ತರಿಸಿಕೊಂಡವರ ಹುರುಪು ನೋಡಬೇಕು. ಹಲಗೆಗಳು ಅಳತೆಗೆ ಕತ್ತರಿಸಿಯೇ ಬಂದಿರುತ್ತವೆ. ತಾಮ್ರದ ತಂತಿಯಲ್ಲಿ ಹೊಲಿದರೆ ಬೇಗನೆ ದೋಣಿಯ ಆಕಾರ ಎದ್ದು ನಿಲ್ಲುತ್ತದೆ. ಕೆಲಸ ಕೆಡುವುದು ಆಮೇಲೆ, ಅಂಟು ಹಾಕುವಾಗ.

ಈ ವಿಧಾನ ಹೆಸರು ಮಾಡಿದ್ದು ಬ್ರಿಟನ್ನಿನ ಮಿರರ್ ದೋಣಿಯಿಂದ. 1960ರ ದಶಕದಲ್ಲಿ ಡೈಲಿ ಮಿರರ್ ಪತ್ರಿಕೆಯೇ ಅದಕ್ಕೆ ಬೆನ್ನೆಲುಬು. ಆಗ ಬಳಸುತ್ತಿದ್ದದ್ದು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು. ಈಗ ಅದು ಬೇಡ. ಅಗ್ಗ ನಿಜ, ಆದರೆ ಮರವನ್ನು ಎಪಾಕ್ಸಿಯಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ.

ಪ್ಲಾನ್ ಮಾತ್ರ ತರಿಸಿ ಇಲ್ಲೇ ಪ್ಲೈವುಡ್ ಕೊಳ್ಳುವವರು ಐಎಸ್ 710 ಮುದ್ರೆ ನೋಡಿ, ಅದು ಮರೈನ್ ಪ್ಲೈವುಡ್ಡಿನ ಗುರುತು. ಅಂಗಡಿಯವರು ‘ಬಿಡಬ್ಲ್ಯೂಆರ್ (ಕುದಿನೀರು ತಡೆಯುವ ಪ್ಲೈ) ಕೂಡ ಅದೇ ಸಾರ್’ ಅಂದರೆ ನಂಬಬೇಡಿ. ಅದು ಅಡುಗೆಮನೆ ಕಪಾಟಿಗೆ ಸಾಕು.

ಹೊಲಿಗೆ ಸುಲಭ. ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ, 15 ಸೆಂ.ಮೀ.ಗೊಂದು ತೂತು. ತಂತಿಯ ತುದಿಗಳನ್ನು ಹೊರಗಡೆಯಿಂದ ತಿರುಚಿ. ಎಲ್ಲವೂ ಕೂರುವವರೆಗೆ ಸಡಿಲವಾಗಿರಲಿ.

ಈಗ ನಿಲ್ಲಿ. ಮುಂದೊಂದು ಹಿಂದೊಂದು ನೇರವಾದ ಕೋಲನ್ನು ಅಡ್ಡಲಾಗಿಟ್ಟು, ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎರಡೂ ಸಮವಾಗಿ ಕಾಣದಿದ್ದರೆ ದೋಣಿ ತಿರುಚಿಕೊಂಡಿದೆ. ಈಗ ಸರಿಮಾಡದಿದ್ದರೆ ಇನ್ಯಾವತ್ತೂ ಆಗುವುದಿಲ್ಲ.

ಇನ್ನು ಎಪಾಕ್ಸಿ. ಇದು ರೆಸಿನ್ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್, ಎರಡನ್ನೂ ಬೆರೆಸಿ ಬಳಸುವ ಅಂಟು. ಅಂದಾಜಿಗೆ ಸುರಿಯಬೇಡಿ, ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳಿ. ತೂಕದ ಪ್ರಮಾಣ ಬೇರೆ, ಅಳತೆ ಲೋಟದ ಪ್ರಮಾಣ ಬೇರೆ. ಡಬ್ಬಿಯ ಮೇಲೆ ಯಾವುದು ಬರೆದಿದೆ ಅಂತ ಓದಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಅಂಟು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಅಂಚು, ತಳ ಕೆರೆದು ಎರಡು ನಿಮಿಷವಾದರೂ ಕಲಸಿ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ. ತಕ್ಷಣ ಅಗಲವಾದ ತಟ್ಟೆಗೆ ಸುರಿಯಿರಿ. ನಮ್ಮ ಬೇಸಿಗೆಗೆ ನಿಧಾನದ ಹಾರ್ಡನರೇ ಬೇಕು, ಕೆಲಸ ಬೆಳಗಿನ ತಂಪಿನಲ್ಲೇ ಆಗಬೇಕು.

ಮೂಲೆಗಳಿಗೆ ತುಂಬಲು ಕಲಸಿದ ಎಪಾಕ್ಸಿಗೆ ನುಣ್ಣನೆಯ ಮರದ ಹುಡಿ, ಸ್ವಲ್ಪ ಫ್ಯೂಮ್ಡ್ ಸಿಲಿಕಾ (ಅಂಟನ್ನು ಮಂದ ಮಾಡುವ ಹಗುರ ಪುಡಿ) ಬೆರೆಸಿ. ಗರಗಸದಡಿ ಬಿದ್ದ ಒರಟು ಹೊಟ್ಟು ಆಗುವುದಿಲ್ಲ. ಗಟ್ಟಿ ಚಟ್ನಿಯ ಹದ ಬರಬೇಕು, ಕಡ್ಡಿ ಎತ್ತಿದರೆ ಜಾರಬಾರದು. ಮೊದಲು ತಂತಿಗಳ ನಡುವೆ ಮಾತ್ರ ಒಳಗಿನಿಂದ ತುಂಬಿ. ಗಟ್ಟಿಯಾದ ಮೇಲೆ ತಂತಿ ಕತ್ತರಿಸಿ ಎಳೆಯಿರಿ. ಬರದಿದ್ದರೆ ಸೋಲ್ಡರಿಂಗ್ ಐರನ್ ತಾಗಿಸಿ ಬಿಸಿ ಮಾಡಿ. ಎಳೆದಾಟ ಬೇಡ, ಪ್ಲೈ ಸಿಬಿರೇಳುತ್ತದೆ.

ಆಮೇಲೆ ಇಡೀ ಮೂಲೆಗೆ ಒಂದೇ ಸಮನೆ ಈ ಮಿಶ್ರಣ ತುಂಬಿ, ದುಂಡು ತುದಿಯ ಕಡ್ಡಿಯಲ್ಲಿ ನುಣ್ಣಗೆ ಎಳೆಯಿರಿ. ಪೂರ್ತಿ ಗಟ್ಟಿಯಾಗುವ ಮೊದಲೇ ಗ್ಲಾಸ್ ಟೇಪ್ (ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿ) ಹಾಸಿ ತೆಳು ಎಪಾಕ್ಸಿ ಕುಡಿಸಿ. ಟೇಪಿನ ಬಿಳುಪು ಮಾಯವಾಗಬೇಕು. ಬಿಳಿ ಉಳಿದ ಕಡೆ ಗಾಳಿ ಇದೆ ಅಂತಲೇ ಅರ್ಥ. ಹೊರಗಡೆ ಅಂಚು ದುಂಡಗೆ ಉಜ್ಜಿ ಅಲ್ಲೂ ಟೇಪ್ ಹಾಕಿ. ಗ್ಲೌಸ್ ಬಿಚ್ಚಬೇಡಿ. ಚರ್ಮಕ್ಕೆ ತಾಗಿದರೆ ಸೋಪು ನೀರಲ್ಲಿ ತೊಳೆಯಿರಿ, ಥಿನ್ನರ್ ಮುಟ್ಟಲೇಬೇಡಿ.

ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ತೇವದ ಗಾಳಿಗೆ ಎಪಾಕ್ಸಿಯ ಮೇಲೆ ಜಿಡ್ಡು ಕೂರುತ್ತದೆ. ಅದನ್ನು ಬರೀ ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆದ ಮೇಲೇ ಸ್ಯಾಂಡ್‌ಪೇಪರ್ ಹಿಡಿಯಿರಿ. ಇಲ್ಲದಿದ್ದರೆ ಜಿಡ್ಡು ಎಲ್ಲ ಕಡೆ ಹರಡಿ, ಮೇಲಿನ ಪೇಂಟು ಸಿಪ್ಪೆಸಿಪ್ಪೆಯಾಗಿ ಏಳುತ್ತದೆ.

ಕೊನೆಗೆ ಪೇಂಟು. ಮರ ಚಂದ ಕಾಣಲಿ ಅಂತ ಎಪಾಕ್ಸಿಯನ್ನು ಹಾಗೇ ಬಿಟ್ಟರೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಬಿಸಿಲು ತಡೆಯುವ ವಾರ್ನಿಷ್ ಬಳಿಯಬಹುದು, ಆದರೆ ಆಗಾಗ ಮತ್ತೆ ಬಳಿಯುತ್ತಿರಬೇಕು. ನಾನಂತೂ ತಿಳಿ ಬಣ್ಣದ ಪೇಂಟೇ ಹೇಳುವುದು.