ಹಳೇ ಕಬ್ಬಿಣದ ಆಟಿಕೆ ಹುಂಡಿಯನ್ನು ವಾಟರ್ ಕಲರ್‌ನಲ್ಲಿ ಬಿಡಿಸೋದು ಹೇಗೆ?

ಶುರುಮಾಡೋಕೆ ಟ್ಯಾಮನಿ ಬ್ಯಾಂಕ್ ಅನ್ನೋ ಹುಂಡಿ ಒಳ್ಳೇದು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜೆ. ಅಂಡ್ ಇ. ಸ್ಟೀವನ್ಸ್ ಕಂಪನಿ ಮಾಡಿದ ಎರಕದ ಕಬ್ಬಿಣದ ಆಟಿಕೆ ಇದು, ಪೇಟೆಂಟ್ 1873ರದ್ದು. ದಪ್ಪನೆಯ ಆಸಾಮಿಯೊಬ್ಬ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನ ಕೈಗೆ ನಾಣ್ಯ ಇಟ್ಟರೆ ಭಾರಕ್ಕೆ ಕೈ ಇಳಿದು ದುಡ್ಡು ಸೀದಾ ಕೋಟಿನ ಜೇಬಿಗೆ ಹೋಗುತ್ತೆ, ಜೊತೆಗೆ ತಲೆಯನ್ನೂ ಆಡಿಸುತ್ತಾನೆ! ನ್ಯೂಯಾರ್ಕಿನ 'ಟ್ಯಾಮನಿ ಹಾಲ್' ಗುಂಪಿನ ಲಂಚಕೋರ ರಾಜಕಾರಣಿಗಳ ಮೇಲಿನ ಗೇಲಿ ಅದು. ನಮಗೇನೂ ಹೊಸದಲ್ಲ, ಅಲ್ವಾ?

ಕೆಲಸಕ್ಕೆ ಕೂರುವ ಮೊದಲು 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್' ಚಿತ್ರಗಳನ್ನು ಆನ್‌ಲೈನ್‌ನಲ್ಲಿ ದೊಡ್ಡದು ಮಾಡಿ ನೋಡಿ. 1935ರಿಂದ 1942ರವರೆಗೆ ಅಲ್ಲಿನ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಟ್ಟು ಹಳೇ ಸಾಮಾನುಗಳ ಚಿತ್ರಗಳನ್ನು ಹೀಗೆ ಬರೆಸಿತ್ತು. ಸುಮಾರು 18,000 ಚಿತ್ರಗಳು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ, ಅದರಲ್ಲಿ ಇಂಥ ಹುಂಡಿಗಳೂ ಇವೆ.

ಪೇಪರ್ 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯದು) ಇರಲಿ, ನುಣುಪಾದ ಹಾಟ್ ಪ್ರೆಸ್ ಆದರೆ ಸಣ್ಣ ಗೆರೆಗಳು ಚೆನ್ನಾಗಿ ನಿಲ್ಲುತ್ತವೆ. ಪೆನ್ಸಿಲ್ ಸ್ಕೆಚ್‌ನಲ್ಲಿ ಕೈಯನ್ನು ಜೇಬಿನಿಂದ ಸ್ವಲ್ಪ ಮೇಲೆ, ನಾಣ್ಯ ಇನ್ನೂ ಬೀಳದ ಹಾಗೆ ಇಡಿ. ಪೂರ್ತಿ ಇಳಿಸಿಬಿಟ್ಟರೆ ಅದು ಕೈ ಆಡಿಸುವ ಗೊಂಬೆ ಅಂತ ನೋಡುವವರಿಗೆ ತಿಳಿಯೋದೇ ಇಲ್ಲ. ಭುಜದ ಕೀಲು ಮರೀಬೇಡಿ.

ಈಗ ಅಸಲಿ ಕೆಲಸ, ಅಂದರೆ ಸವೆತ. ಹೊಸ ಆಟಿಕೆಯ ಹಾಗೆ ಬಣ್ಣ ತುಂಬಿದರೆ ಪ್ಲಾಸ್ಟಿಕ್ ಥರ ಕಾಣುತ್ತೆ. ಮೊಣಕಾಲು, ಮೂಗು, ಕುರ್ಚಿಯ ಅಂಚು, ಹೀಗೆ ಮಕ್ಕಳ ಕೈ ಜಾಸ್ತಿ ತಾಗುವ ಕಡೆ ಬಣ್ಣ ಚಕ್ಕೆ ಎದ್ದಿರುತ್ತೆ. ಆ ಚಕ್ಕೆಗಳ ಆಕಾರವನ್ನು ಖಾಲಿ ಬಿಟ್ಟು ಸುತ್ತ ತೆಳು ಬಣ್ಣ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಪದರ. ಆಮೇಲೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಬೆರೆಸಿ ಖಾಲಿ ಜಾಗ ತುಂಬಿ, ನೀಲಿ ಹೆಚ್ಚಾದರೆ ಕಬ್ಬಿಣ, ಕಂದು ಹೆಚ್ಚಾದರೆ ತುಕ್ಕು. ಬೆಳಕು ಮೇಲಿಂದ ಬೀಳ್ತಿದ್ದರೆ ಚಕ್ಕೆಯ ಮೇಲಂಚಿನ ಒಳಗೆ ಕೂದಲೆಳೆಯಷ್ಟು ಗಾಢ ಗೆರೆ ಎಳೆಯಿರಿ. ಅಷ್ಟಕ್ಕೇ ಪೇಂಟಿನ ದಪ್ಪ ಕಣ್ಣಿಗೆ ಬೀಳುತ್ತೆ, ಇದೊಂದು ಮಾಡದಿದ್ದರೆ ಸುಮ್ನೆ ಮಚ್ಚೆ ಥರ ಕಾಣುತ್ತೆ.

ಹೊಳಪಿಗೆ ಪೇಪರಿನ ಬಿಳಿಯನ್ನೇ ಉಳಿಸಿಕೊಳ್ಳಿ, ಬಿಳಿ ಬಣ್ಣ ಬೇಡ. ಹಿನ್ನೆಲೆಯೂ ಬೇಡ. ಹುಂಡಿಯ ಬುಡದಲ್ಲಿ ಮಾತ್ರ ಗಾಢವಾದ ನೆರಳು ಹಾಕಿ, ಹೊರಗಡೆ ನೀರಿನ ಬ್ರಷ್‌ನಿಂದ ಕರಗಿಸಿ. ಇಲ್ಲದಿದ್ದರೆ ಅಷ್ಟು ಭಾರದ ಕಬ್ಬಿಣ ಗಾಳಿಯಲ್ಲಿ ತೇಲುತ್ತೆ.