ಪಂಚಾಯಿತಿಯಿಂದ ಮನೆ ಬೇಕಾ? ಗ್ರಾಮ ಸಭೆಗೆ ಹೋಗಿ

ನಾನು ಪಂಚಾಯಿತಿ ಸದಸ್ಯೆಯಾಗಿದ್ದವಳು. "ಅಕ್ಕಾ, ಬಸವ ವಸತಿ ಮನೆ ಕೊಡಿಸಿ" ಎಂದು ಈಗಲೂ ಬಾಗಿಲಿಗೆ ಬರುತ್ತಾರೆ. ಬಸವ ವಸತಿ ಎಂದರೆ ಮನೆ ಕಟ್ಟಿಕೊಳ್ಳಲು ರಾಜ್ಯ ಸರ್ಕಾರ ದುಡ್ಡು ಕೊಡುವ ಯೋಜನೆ. ಕೊಡಿಸುವುದು ಸದಸ್ಯರಲ್ಲ. ಎಷ್ಟು ಮನೆ ಎನ್ನುವ ಗುರಿ ಸರ್ಕಾರದಿಂದ ಬರುತ್ತದೆ. ಹೆಸರು ಆರಿಸುವುದು ಗ್ರಾಮ ಸಭೆ. ದುಡ್ಡು ಹಾಕುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ.

ಮೊದಲು ಜಾಗದ ಕಾಗದ ನೋಡಿಕೊಳ್ಳಿ. ಗ್ರಾಮಠಾಣದೊಳಗಿನ, ಅಂದರೆ ಊರಿನ ವಾಸದ ಗಡಿಯೊಳಗಿನ ಜಾಗವಾದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 11ಎ ತೆಗೆಸಿ. ಹೊಲವನ್ನು ಸೈಟ್ ಮಾಡಬೇಕೆಂದರೆ ಪಂಚಾಯಿತಿ ಠರಾವು ಸಾಲದು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಬೇಕು, ಅದು ಜಿಲ್ಲಾಧಿಕಾರಿ ಕೈಯಲ್ಲಿದೆ. ಜಾಗವೇ ಇಲ್ಲದವರು ನಿವೇಶನರಹಿತರ ಪಟ್ಟಿಗೆ ಬೇರೆ ಅರ್ಜಿ ಕೊಡಿ.

ಆಮೇಲೆ ವಾರ್ಡ್ ಸಭೆ, ಗ್ರಾಮ ಸಭೆ. ಎರಡಕ್ಕೂ ಹೋಗಿ. ಹಾಜರಿಗೆ ಸಹಿ ಹಾಕಿ ಟೀ ಕುಡಿದು ಬರುವುದಲ್ಲ! ಪಟ್ಟಿಯನ್ನು ಜೋರಾಗಿ ಓದಿಸಿ. ನಿಮ್ಮ ಹೆಸರು ನಡಾವಳಿ ಪುಸ್ತಕದಲ್ಲಿ ಬರೆದಿದೆಯಾ ನೋಡಿ, ಅದರ ಪ್ರತಿ ಕೇಳಿ. ಬಾಯಿಮಾತಿನಲ್ಲಿ "ಸೇರಿಸಿದ್ದೀವಿ" ಎಂದರೆ ನಂಬಬೇಡಿ. ಮನೆ ಸಾಮಾನ್ಯವಾಗಿ ಹೆಂಗಸರ ಹೆಸರಿಗೇ ಮಂಜೂರಾಗುವುದರಿಂದ ಆಧಾರ್, ಬ್ಯಾಂಕ್ ಖಾತೆ ಅವರದ್ದೇ ಸರಿಯಿರಲಿ.

ಕಾಮಗಾರಿ ಆದೇಶ ಬರುವ ಮುಂಚೆ ಪಾಯ ತೋಡಬೇಡಿ. ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೋ (ಜಾಗದ ಗುರುತಿರುವ ಫೋಟೋ) ನಿಗಮಕ್ಕೆ ಹೋಗಬೇಕು. ಆಮೇಲೇ ದುಡ್ಡಿನ ಕಂತು. ಕಂತು ತಡವಾಗುವುದು ಜಾಸ್ತಿ, ಹಾಗಾಗಿ ಸಿಮೆಂಟ್ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಂಡಿರಿ.